ಅಮಾವಾಸ್ಯೆಯ ಸರ್ವರ್

ತಿಳಿದವನು ಎನ್ನಿಸಿಕೊಳ್ಳುವ ಚಟ ಒಮ್ಮೆ ಹತ್ತಿತೆಂದರೆ ಬಿಡುವುದು ಕಷ್ಟ. ಗಂಗಾವತಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕವೆಲ್ಲ ನಡೆಸುವ ದೊಡ್ಡ ಕಂಪ್ಯೂಟರನ್ನು, ಅಂದರೆ ಲಿನಕ್ಸ್ ಸರ್ವರನ್ನು, ನೋಡಿಕೊಳ್ಳುವ ನನಗೆ ಆ ಚಟ ಸ್ವಲ್ಪ ಜೋರಾಗಿಯೇ ಇದೆ. "ನಮ್ಮ ಸರ್ವರ್ ಒಮ್ಮಿನೂ ಬಂದ್ ಆಗಿಲ್ಲ" ಎಂದು ಚಹದಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಕೊನೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. ಅಪ್‌ಡೇಟ್‌ಗಳನ್ನು ಮಾತ್ರ ತಪ್ಪದೆ ಹಾಕುತ್ತಿದ್ದೆ. ಅವು ಜಾರಿಗೆ ಬರಬೇಕಾದರೆ ರೀಸ್ಟಾರ್ಟ್ ಮಾಡಬೇಕು, ನಿಜ. ಆದರೆ ದಾಖಲೆ ಮುರಿಯಲು ಮನಸ್ಸು ಬರಬೇಕಲ್ಲ!

ನಮ್ಮ ಸಾಹುಕಾರರ ಚಟ ಬೇರೆ. ಪ್ರತಿ ಅಮಾವಾಸ್ಯೆಗೆ ಗಿರಣಿಯ ಎಲ್ಲ ಯಂತ್ರಗಳನ್ನು ನಿಲ್ಲಿಸಿ, ಒರೆಸಿ, ಪೂಜೆ ಮಾಡಿ, ನಿಂಬೆಹಣ್ಣು ಕೊಯ್ದು ಮತ್ತೆ ಚಾಲೂ ಮಾಡಬೇಕು. "ಇದು ಸೈನ್ಸ್ ಐತ್ರಿ, ಇದಕ್ಕ ಅಮಾವಾಸಿ ಹುಣ್ಣಿವಿ ಏನೂ ಇಲ್ಲ" ಎಂದು ಸರ್ವರಿಗೆ ನಾನು ವಿನಾಯಿತಿ ಪಡೆದಿದ್ದೆ. ಈ ಸಲದ ಸುಗ್ಗಿಯಲ್ಲಿ ಅವರು ಕೇಳಲಿಲ್ಲ. "ಎಲ್ಲಾ ಮಷೀನಿಗೂ ಕುಂಕುಮ ಐತಿ, ಇದೇನ್ ಪಾಪ ಮಾಡೈತಿ? ಬಂದ್ ಮಾಡು" ಎಂದರು. ಮಾಡಿದೆ. ಊದಿನಕಡ್ಡಿ ಬೆಳಗಿದ ಮೇಲೆ ಬಟನ್ ಒತ್ತಿದೆ.

ಸರ್ವರ್ ಎದ್ದಿತು, ಆದರೆ ಯಾರನ್ನೂ ಗುರುತಿಸಲಿಲ್ಲ. ನಾನು ಹಾಕಿ ಮರೆತಿದ್ದ ಹೊಸ ಕರ್ನಲ್, ಅಂದರೆ ಲಿನಕ್ಸಿನ ಒಳತಿರುಳು, ಅಂದೇ ಗದ್ದುಗೆ ಏರಿತ್ತು. ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಹಳೆಯ ಕರ್ನಲ್ಲಿಗೆ ಹೊಂದಿಸಿದ್ದು. ಹೊಸದರ ಮಾತು ಅದಕ್ಕೆ ತಿಳಿಯದು. ಗಿರಣಿಯ ಲೆಕ್ಕವೆಲ್ಲ ಇರುವುದು ಪಕ್ಕದ ಕೋಣೆಯ ಸ್ಟೋರೇಜ್ ಪೆಟ್ಟಿಗೆಯಲ್ಲಿ, ಅಲ್ಲಿಗೆ ದಾರಿ ಆ ಕಾರ್ಡಿನ ಮೂಲಕವೇ. ಹೊಸ ಡ್ರೈವರ್ ಇಳಿಸೋಣವೆಂದರೆ ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಬೇಕೆಂದರೆ ಡ್ರೈವರ್ ಬೇಕು! ಹೊರಗೆ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು.

ಗಾಡಿ ತೂಗುವ ವೇಬ್ರಿಡ್ಜ್ ನೋಡಿಕೊಳ್ಳುವ ಹುಸೇನಸಾಬರು ಬಾಗಿಲಲ್ಲಿ ನಿಂತರು. "ಸರ್, ತೂಕ ಬರಾಕತ್ತೈತಿ, ಚೀಟಿ ಬರವಲ್ದು. ಮ್ಯಾಲ ಮೋಡ ನೋಡ್ರಿ. ಭತ್ತ ತೊಯ್ದ್ರ ರೈತ್ರು ನಿಮ್ಮ ಸೈನ್ಸ್ ಕೇಳ್ತಾರೇನ್ರಿ?"

ಅವರ ಹಿಂದೆಯೇ ಸಾಹುಕಾರರು. "ಪೂಜಾ ಆದ ಎಲ್ಲಾ ಮಷೀನು ಚಾಲೂ ಅದಾವು. ನಿಂದೊಂದ ಮಲಗೈತಿ. ಇಷ್ಟ ದಿನ ಪೂಜಾ ತಪ್ಪಿಸಿದ್ದಿ, ಅದಕ್ಕ ಸಿಟ್ಟ ಬಂದೈತಿ."

ತಪ್ಪು ನನ್ನದು ಎಂದರೆ ನೌಕರಿ ಹೋಗುತ್ತದೆ, ಸರ್ವರಿನ ಸಿಟ್ಟು ಎಂದರೆ ಮರ್ಯಾದೆ ಮಾತ್ರ. "ಹೌದ್ರೀ ಸಾಹುಕಾರ್ರ, ಹಂಗ ಕಾಣತೈತ್ರಿ" ಎಂದೆ.

ಅವರು ಇನ್ನೊಂದು ನಿಂಬೆಹಣ್ಣು ತರಲು ಓಡಿದರು. ನಾನು ಸರ್ವರನ್ನು ಮತ್ತೆ ಬಂದ್ ಮಾಡಿ, ಏಳುವಾಗ ತೋರಿಸುವ ಮೆನುವಿನಲ್ಲಿ ಹಳೆಯ ಕರ್ನಲನ್ನೇ ಆರಿಸಿದೆ. ಕಾರ್ಡಿನ ಹಸಿರು ದೀಪ ಮಿನುಗಿತು, ಸ್ಟೋರೇಜ್ ಸಿಕ್ಕಿತು. "ಬಂತ್ರೀ ಚೀಟಿ!" ಎಂದು ಹುಸೇನಸಾಬರು ಕೂಗುವುದಕ್ಕೂ ಸಾಹುಕಾರರು ಹಣ್ಣು ಕೊಯ್ಯುವುದಕ್ಕೂ ಸರಿಹೋಯಿತು. ಕೀರ್ತಿಯೆಲ್ಲ ನಿಂಬೆಹಣ್ಣಿನ ಪಾಲಾಯಿತು.

ಆಮೇಲೆ ಸರ್ವರ್ ಪೂಜೆ ನನ್ನ ಕೊರಳಿಗೇ ಬಿತ್ತು. ಹಿಂದಿನ ದಿನವೇ ಡ್ರೈವರ್ ಹೊಂದಿಸಿಟ್ಟು, ಅಮಾವಾಸ್ಯೆಗೆ ಬಂದ್ ಮಾಡಿ, ಕುಂಕುಮ ಹಚ್ಚಿ ಚಾಲೂ ಮಾಡುತ್ತೇನೆ. ಸರ್ವರ್ ಒಮ್ಮೆಯೂ ತಕರಾರು ಮಾಡಿಲ್ಲ. ಮೊನ್ನೆ ಅಮಾವಾಸ್ಯೆಯ ದಿನ ಸ್ಟೋರೇಜ್ ಪೆಟ್ಟಿಗೆ ಮಾರಿದ ಕಂಪನಿಯ ಎಂಜಿನಿಯರ್ ಪೆಟ್ಟಿಗೆಯ ದಾಖಲೆ ನೋಡಿ ಫೋನಿನಲ್ಲಿ ಮೆಚ್ಚಿಕೊಂಡ: "ತಿಂಗಳಿಗೊಮ್ಮೆ ತಪ್ಪದೆ ರೀಸ್ಟಾರ್ಟ್ ಮಾಡ್ತೀರಲ್ಲ ಸರ್, ದೊಡ್ಡ ದೊಡ್ಡ ಆಫೀಸಲ್ಲೂ ಈ ಶಿಸ್ತು ಇಲ್ಲ. ಯಾರ ಐಡಿಯಾ ಇದು?"

"ನಂದ ರೀ" ಎಂದೆ, ನಿಂಬೆಹಣ್ಣನ್ನು ಇನ್ನೊಂದು ಕೈಗೆ ಬದಲಿಸಿಕೊಳ್ಳುತ್ತ.