ಮಡಕೆ ತುಂಬ ನೊರೆ

ಸುಂದರಮ್ಮನವರಿಗೆ ಮಲಯ್ಯೋ ತಿನ್ನುವ ಆಸೆಯಾದದ್ದೇ ಲಿಂಗರಾಜನ ಆ ದಿನದ ಗ್ರಹಚಾರಕ್ಕೆ ಮೂಲ.

ಮಲಯ್ಯೋ ಎಂದರೆ ಕಾಶಿಯ ಚಳಿಗಾಲದ ತಿನಿಸು. ಕಾಸಿದ ಹಾಲನ್ನು ರಾತ್ರಿಯೆಲ್ಲ ಇಬ್ಬನಿಯಲ್ಲಿಟ್ಟು, ಬೆಳಗಿನ ಜಾವ ಕಡೆದು, ಮೇಲೆದ್ದ ಕೇಸರಿ ನೊರೆಯನ್ನು ಮಣ್ಣಿನ ಪಾತ್ರೆಗೆ ತುಂಬಿ ಕೊಡುತ್ತಾರೆ. ಬಾಯಿಗಿಟ್ಟರೆ, ಇತ್ತೋ ಇಲ್ಲವೋ ಎಂಬ ಸಂಶಯವಷ್ಟೇ ಉಳಿಯುತ್ತದೆ.

ಸುಂದರಮ್ಮನವರು ಲಿಂಗರಾಜನ ಬ್ಯಾಂಕಿನ ಮೇಲಧಿಕಾರಿ ಲೋಕನಾಥರ ತಾಯಿ. ಗಂಗಾಸ್ನಾನಕ್ಕೆ ಹತ್ತಿರವೆಂದು ಹನುಮಾನ್ ಘಾಟಿನ ಛತ್ರದಲ್ಲಿ ಇಳಿದಿದ್ದರು. ಲಿಂಗರಾಜನಿಗೆ ಕಾಶಿಯ ಶಾಖೆಯಿಂದ ಗದಗಿಗೆ ವರ್ಗವಾಗಬೇಕಿತ್ತು. ಅಲ್ಲಿ ಹೆಂಡತಿಯಿದ್ದಳು, ಅವನು ಇನ್ನೂ ಒಮ್ಮೆಯೂ ಎತ್ತಿಕೊಳ್ಳದ ಮಗಳಿದ್ದಳು. ಅರ್ಜಿಗೆ ಲೋಕನಾಥರ ಸಹಿಯೊಂದು ಬಾಕಿ.

"ಅಮ್ಮನ ಆಸೆ ತೀರಿಸ್ರೀ. ಭಾನುವಾರ ಛತ್ರದಲ್ಲೇ ಇರ್ತೀನಿ, ಅಲ್ಲೇ ಸಹಿ ಹಾಕ್ತೀನಿ" ಎಂದಿದ್ದರು ಅವರು.

ಭಾನುವಾರ ಬೆಳಗಾಗುತ್ತಲೇ ಲಿಂಗರಾಜ ಚೌಕದ ಅಂಗಡಿಯಿಂದ ಒಂದು ಮಡಕೆ ಮಲಯ್ಯೋ ಹಿಡಿದು ಹೊರಟ. ನೊರೆ ಅಂಚು ಮೀರಿ ಗೋಪುರದಂತೆ ನಿಂತಿತ್ತು. ಗುಳ್ಳೆಗಳು ಸಾಸಿವೆಗಿಂತ ಸಣ್ಣವು. "ಜಲ್ದಿ ಜಾಯಿಯೇ ಬಾಬೂಜಿ, ಧೂಪ್ ಲಗೀ ತೋ ಸಬ್ ಗಯಾ" ಎಂದು ಅಂಗಡಿಯವನು ಎಚ್ಚರಿಸಿದ್ದ. ಬಿಸಿಲು ತಾಗಿದರೆ ನೊರೆ ಹೋದೀತೆಂದು ಹೆದರಿ ಲಿಂಗರಾಜ ಗೋಡೆಯ ನೆರಳು ಹಿಡಿದು ಹಲ್ಲಿಯಂತೆ ನಡೆದ.

ವಿಶ್ವನಾಥ ಗಲ್ಲಿಯಲ್ಲಿ ಸಹೋದ್ಯೋಗಿ ಸಂತೋಷ ಕಚೋರಿ ತಿನ್ನುತ್ತ ನಿಂತಿದ್ದ.

"ಏನ್ ಗುರು, ಒಬ್ಬನೇ?" ಎಂದವನೇ ಎಣ್ಣೆಗೈಯ ಬೆರಳನ್ನು ನೊರೆಗೆ ಅದ್ದಿ ನೆಕ್ಕಿದ.

"ಏ, ಸಾಹೇಬ್ರ ತಾಯಿಗಿ ಅದು!"

"ಒಂದು ಬೆರಳಿಗೆ ಏನಾಗತ್ತೆ ಮಾರಾಯ?"

ಆದದ್ದು ಇಷ್ಟೇ: ಎಣ್ಣೆ ತಗುಲಿದಲ್ಲಿ ಗುಳ್ಳೆಗಳು ಚಟಪಟ ಒಡೆದು, ಗೋಪುರದ ನಡುವೆ ಬಾವಿ ಬಿತ್ತು.

ಛತ್ರದ ಬಾಗಿಲಲ್ಲಿ ಮೇಲ್ವಿಚಾರಕ ಮುದ್ದಪ್ಪ ತಡೆದ. "ಇಷ್ಟು ತಣ್ಣಗಿರೋದನ್ನ ಅಮ್ಮಾವ್ರಿಗೆ ಕೊಡ್ತೀರಾ? ಅವರದು ಶೀತದ ಮೈ. ಇರಿ, ಈಗಷ್ಟೇ ಪೂಜೆಗೆ ಕೂತಿದಾರೆ." ಲಿಂಗರಾಜ ಚಪ್ಪಲಿ ಬಿಚ್ಚುವಷ್ಟರಲ್ಲಿ ಮಡಕೆ ಮುದ್ದಪ್ಪನ ಕಂಬಳಿ ಹೊದ್ದು ಒಲೆಯ ಪಕ್ಕ ಕೂತಿತ್ತು!

ಹಾರಿ ಹೋಗಿ ಕಂಬಳಿ ಕಿತ್ತರೆ, ಸಾಸಿವೆ ಗುಳ್ಳೆಗಳೆಲ್ಲ ಒಂದನ್ನೊಂದು ನುಂಗಿ ನೆಲ್ಲಿಕಾಯಿಗಳಾಗಿವೆ. ಉಳಿದವು ಒತ್ತೊತ್ತಾಗಿ ಜೇನುಹುಟ್ಟಿನ ಕೋಣೆಗಳಂತೆ ಮೂಲೆಮೂಲೆಯಾಗಿವೆ. ಲಿಂಗರಾಜನ ಕಣ್ಣಲ್ಲೂ ನೀರು ಉಬ್ಬಿತು.

ಅಷ್ಟರಲ್ಲಿ ಛತ್ರದ ಹಿರಿಯ ಕೊಟ್ಟೂರಯ್ಯ ತಂಬಿಗೆ ಹಿಡಿದು ಬಂದರು. "ತಮ್ಮಾ, ಹೊರಗಿನ ಪದಾರ್ಥ ಹಂಗs ಒಳಗ ಒಯ್ಯಬಾರ್ದು. ಶುದ್ಧಿ ಆಗ್ಬೇಕು."

"ಬ್ಯಾಡ್ರೀ ಅಜ್ಜಾರ!"

ಆ ಕೂಗು ಮುಗಿಯುವ ಮೊದಲೇ ಗಂಗಾಜಲ ಬಿದ್ದಿತ್ತು. ಅಜ್ಜನವರ ಭಕ್ತಿ ದೊಡ್ಡದು, ಬೊಗಸೆ ಅದಕ್ಕಿಂತ ದೊಡ್ಡದು.

"ಗುಳ್ಳಿ ಹೋದ್ರ ಹೋಗ್ಲಿ ಬಿಡೋ. ಈ ದೇಹಾನೂ ಗುಳ್ಳೀನ ಅಲ್ಲೇನು?"

"ದೇಹಕ್ಕ ಸಾಹೇಬ್ರ ಸಹಿ ಬೇಕಾಗಿಲ್ರೀ ಅಜ್ಜಾರ!" ಎಂದು ಲಿಂಗರಾಜ ಹಲ್ಲು ಕಡಿದ.

ಒಳಗಿನಿಂದ ಕರೆ ಬಂತು. ಮಡಕೆಯ ತಳದಲ್ಲಿ ಹಳದಿ ಹಾಲು, ಅದರ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ ಒಂದೇ ಒಂದು. ಸುಂದರಮ್ಮನವರು ಬಗ್ಗಿ ನೋಡಿ "ಶಿವ ಶಿವಾ" ಎಂದರು. ಆ ಉಸಿರಿಗೆ ಅದೂ ಹೋಯಿತು. ಪಕ್ಕದಲ್ಲಿದ್ದ ಲೋಕನಾಥರ ಹುಬ್ಬು ಮೇಲೇರಿತು. ಗದಗಿನ ರೈಲು ಲಿಂಗರಾಜನ ಕಣ್ಣೆದುರೇ ಹೊರಟುಹೋಯಿತು.

ಸುಂದರಮ್ಮನವರು ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ಮಡಕೆ ಖಾಲಿಯಾಯಿತು.

"ನೊರೆ ತಿಂದ್ರೆ ಹೊಟ್ಟೆ ಉಬ್ಬತ್ತೆ ಅಂತ ಹೆದರ್ಕೊಂಡಿದ್ದೆ ಕಣಪ್ಪ. ಇವನು ನೋಡು, ನೊರೆಯೆಲ್ಲ ಇಳಿಸಿ, ಬೆಚ್ಚಗೆ ಮಾಡಿ, ಗಂಗಾಜಲ ಬೇರೆ ಹಾಕಿ ತಂದಿದಾನೆ! ಹೆತ್ತ ಮಗನಿಗೂ ಇಷ್ಟು ತಿಳಿಯಲ್ಲ."

ಲೋಕನಾಥರು ನಗುತ್ತ ಅರ್ಜಿ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದರು. ಲಿಂಗರಾಜ ಮನಸ್ಸಿನಲ್ಲೇ ಮಗಳನ್ನು ಎತ್ತಿಕೊಂಡ.

"ಲೋಕೂ, ಇನ್ನು ಊರಿಗೆ ವಾಪಸ್ ಹೋಗಲ್ಲ ನಾನು. ಇಲ್ಲೇ ಕಾಶೀವಾಸ ಅಂತ ಈಗ ನಿಶ್ಚಯ ಮಾಡ್ದೆ. ಇಂಥ ಹುಡುಗ ಹತ್ತಿರ ಇದ್ರೆ ನಂಗೇನು ಭಯ? ನಾನು ಕಣ್ಣು ಮುಚ್ಚೋ ತನಕ ಇವನನ್ನ ಇಲ್ಲಿಂದ ಕದಲಿಸಬೇಡ."

ಪೆನ್ನಿಗೆ ಮುಚ್ಚಳ ಬಿತ್ತು.

"ಶತಾಯುಷಿ ಆಗ್ರಿ ತಾಯಿ!" ಎಂದು ಬಾಗಿಲಲ್ಲಿ ಕೊಟ್ಟೂರಯ್ಯ ಮಿಕ್ಕ ಗಂಗಾಜಲವನ್ನೂ ಎರಚಿದರು.

ಲೋಕನಾಥರು ಹೆಮ್ಮೆಯಿಂದ ಲಿಂಗರಾಜನ ಹೆಗಲು ತಟ್ಟಿದರು. "ಅದೇನು ದೊಡ್ಡ ಮಾತಲ್ಲ ರೀ. ನಮ್ಮ ಅಜ್ಜಿ ನೂರು ದಾಟಿದ್ರು!"