ಬಡಿದರೆ ಠಣ್ ಎನ್ನಬೇಕು

ಘಾಟ್ಕೋಪರಿನ ನಮ್ಮ ಕನ್ನಡ ಶಾಲೆಯಲ್ಲಿ ಲೋಹ, ಅಲೋಹಗಳ ಪಾಠ ಶುರುವಾಯಿತೆಂದರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಆ ವರ್ಷ ಮಾತ್ರ ನನಗೆ ನಗುವ ಧೈರ್ಯವಿರಲಿಲ್ಲ. ನನ್ನದು ಟೆಂಪರರಿ ನೌಕರಿ. ಇನ್‌ಸ್ಪೆಕ್ಟರು ಬಂದು ಇದೇ ಪಾಠ ನೋಡುತ್ತಾರೆ, ಮೆಚ್ಚಿದರೆ ಖಾಯಂ, ಇಲ್ಲವಾದರೆ ಮನೆ ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು.

ಮನೆಗೆಲಸ

ಬಡಿದರೆ ಠಣ್ ಎನ್ನುವುದು ಲೋಹದ ಗುಣ, ಮನೆಯಲ್ಲಿ ಪರೀಕ್ಷಿಸಿ ಬನ್ನಿ ಎಂದೆ. ಮರುದಿನ ಒಬ್ಬ ಹುಡುಗನ ತಾಯಿ ಬಾಗಿಲಲ್ಲಿ ನಿಂತಿದ್ದರು. ಮಗರಾಯ ಪಾತ್ರೆಗಳನ್ನೆಲ್ಲ ಬಡಿದು ಮುಗಿಸಿ, ಡ್ಯೂಟಿ ಮುಗಿಸಿ ಬಂದು ಮಲಗಿದ್ದ ಅಪ್ಪನಿಗೂ ಸೌಟಿನಿಂದ ಒಂದು ಕೊಟ್ಟಿದ್ದನಂತೆ.

"ಠಣ್ ಅನ್ನಲಿಲ್ಲ ಟೀಚರ್, ಅಪ್ಪ ಅಲೋಹ," ಎಂದ ಹುಡುಗ.

"ಸಪ್ಪಳ ಆಮ್ಯಾಲೆ ಬಂತ್ರಿ," ಎಂದರು ತಾಯಿ. "ಇಡೀ ಚಾಳಿನ ಮಂದಿಗೆಲ್ಲ ಕೇಳಿಸ್ತು."

ನಡುವಿನವು

ಲೋಹಾಭಗಳೆಂದರೆ ಅತ್ತ ಲೋಹವೂ ಅಲ್ಲ, ಇತ್ತ ಅಲೋಹವೂ ಅಲ್ಲ. ವಿದ್ಯುತ್ತನ್ನು ಒಮ್ಮೆ ಒಯ್ಯುತ್ತವೆ, ಒಮ್ಮೆ ಒಯ್ಯಲು ಸತಾಯಿಸುತ್ತವೆ ಎಂದು ವಿವರಿಸಿ, ಉದಾಹರಣೆ ಕೇಳಿದೆ. ಸಿಲಿಕಾನ್ ಎಂಬ ಉತ್ತರಕ್ಕೆ ಕಾಯುತ್ತಿದ್ದೆ. "ನಮ್ಮ ಬಿಲ್ಡಿಂಗಿನ ಲಿಫ್ಟ್," ಎಂದಿತು ಹಿಂದಿನ ಬೆಂಚು. ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ನಾನೂ ಅದೇ ಬಿಲ್ಡಿಂಗಿನ ಐದನೆಯ ಮಾಳಿಗೆಯವಳು.

ಇನ್‌ಸ್ಪೆಕ್ಟರು

ಕೊನೆಗೂ ಅವರು ಬಂದರು. ಕನ್ನಡ ಬರುತ್ತಿತ್ತು, ಆದರೆ ಭಾರಿ ಅವಸರದ ಮಾತು; "ಆ" ಎಂದದ್ದು "ಅ" ಎಂದೇ ಕೇಳುತ್ತಿತ್ತು. ಕಿಟಕಿಯ ಸರಳು ತೋರಿಸಿ, ಮುಂದಿನ ಬೆಂಚಿನ ವಿಜಯಪುರದ ಹುಡುಗಿಗೆ "ಆ ಲೋಹ ಯಾವುದು?" ಎಂದು ಕೇಳಿದರು.

"ಗಂಧಕ್ರೀ ಸರ್."

ಜೊತೆಗೆ ಬಂದಿದ್ದ ಹೆಡ್‌ಮಾಸ್ತರರು ನನ್ನನ್ನು ದುರುಗುಟ್ಟಿ ನೋಡಿದರು.

"ಕಿಟಕಿ ನೋಡಮ್ಮ. ಆ ಲೋಹ!"

"ಅದು ಅಲೋಹ ಅಲ್ರೀ ಸರ್, ಲೋಹ."

"ನಾನೂ ಅದನ್ನೇ ಹೇಳ್ತಿರೋದು, ಆ ಲೋಹ."

ಇವರಿಗೆ ಪಾಠವೇ ತಿಳಿದಿಲ್ಲ ಎಂದು ಹುಡುಗಿಗೆ ಖಾತ್ರಿಯಾಯಿತು. ಎದ್ದು ಹೋಗಿ ಕಂಪಾಸ್ ಪೆಟ್ಟಿಗೆಯಿಂದ ಸರಳಿಗೆ ಬಡಿದಳು. "ಠಣ್ ಅಂತು. ಕೇಳಿದ್ರಿಲ್ಲ? ಠಣ್ ಅಂದ್ರ ಲೋಹ ಸರ್. ನಮ್ಮ ಟೀಚರ್ ಛಲೋ ಹೇಳ್ಯಾರ."

ಇನ್‌ಸ್ಪೆಕ್ಟರಿಗೆ ಆಗ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಟೀಚರ್ ಇಲ್ಲೇ ಇರಲಿ ಮಾಸ್ತರೇ, ನಾನೇ ಇನ್ನೂ ಕಲಿಯೋದಿದೆ," ಎಂದರು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು.

ಹುಡುಗಿ ಮಾತ್ರ ನಗಲಿಲ್ಲ. ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿ ಹೇಳಿದಳು: "ಬರ್ರಿ ಸರ್, ಇಲ್ಲೇ ಕುಂಡರ್ರಿ."