ರತ್ನಕ್ಕನ ಮಾತ್ರೆಗೆ ನಾನಿಟ್ಟ ಹೆಸರು

ನಾನು ಮಾಡಿರೋ ದಡ್ಡ ಕೆಲಸಗಳನ್ನ ಸಾಲಾಗಿ ನಿಲ್ಲಿಸಿದ್ರೆ ದೊಡ್ಡಬಳ್ಳಾಪುರದಿಂದ ಘಾಟಿವರೆಗೂ ಹೋಗ್ತವೆ. ಆ ಸಾಲಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲೋದು, ಪಕ್ಕದ ಮನೆ ರತ್ನಕ್ಕನ ಮಾತ್ರೆಗೆ ನಾನು ಹೆಸರಿಟ್ಟಿದ್ದು.

ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಇಂಗ್ಲಿಷಲ್ಲಿ ಮೂವತ್ತಾರು. ನಮ್ಮ ಮಗ್ಗದ ಬೀದಿಗೆ ಅಷ್ಟೇ ಧಾರಾಳ. ಟೆಲಿಗ್ರಾಂ ಬರಲಿ, ಔಷಧಿ ಚೀಟಿ ಬರಲಿ, ನನ್ನ ಮುಂದೆ ಹಿಡಿಯೋರು. ಅರ್ಥವಾಗಿದ್ದನ್ನ ಜೋರಾಗಿ ಓದ್ತಿದ್ದೆ, ಆಗದೇ ಇದ್ದಿದ್ದನ್ನ ಇನ್ನೂ ಜೋರಾಗಿ. ಒಡಹುಟ್ಟಿದ ತಮ್ಮ ತೀರ್ಕೊಂಡ ಮೇಲೆ ರತ್ನಕ್ಕನಿಗೆ ನಿದ್ದೇನೇ ಇರಲಿಲ್ಲ. ಮಗ್ಗದ ಮುಂದೆ ನಿಂತೇ ಅಳ್ತಿದ್ಲು, ಎಳೆ ಕಿತ್ತುಹೋಗಿದ್ದೂ ಕಾಣ್ತಿರಲಿಲ್ಲ. ಬೆಂಗಳೂರಿನ ಡಾಕ್ಟರು ಮಾತ್ರೆ ಕೊಟ್ಟಿದ್ರು. ಅದರ ಜೊತೆಗಿದ್ದ ಕಾಗದ ತಂದು, "ಇದು ಏನು ಮಾತ್ರೆ ನೋಡಪ್ಪ" ಅಂದ್ಲು. 'ಸೈಕೋಟ್ರೋಪಿಕ್' ಅಂತ ಗೂಡ್ಸ್ ಗಾಡಿಯಷ್ಟುದ್ದದ ಪದ. ಅದರಲ್ಲಿ 'ಸೈಕೋ' ಅಂದ್ರೆ ಹುಚ್ಚು ಅಂತ ಎಲ್ಲೋ ಕೇಳಿದ್ದೆ, ಅಷ್ಟೇ. ಗೊತ್ತಿಲ್ಲ ಅನ್ನೋಕೆ ನಾಲಿಗೆ ಏಳಬೇಕಲ್ಲ! ಮಗ್ಗಗಳ ಸದ್ದಿಗೆ ನಮ್ಮ ಬೀದೀಲಿ ಗುಟ್ಟನ್ನೂ ಕೂಗೇ ಹೇಳ್ಬೇಕು. "ಇದು ಅಕ್ಕಾ..." ಅನ್ನೋವಾಗ ಮಗ್ಗಗಳು ಓಡ್ತಿದ್ವು. "ಹುಚ್ಚಿಗೆ ಕೊಡೋ ಮಾತ್ರೆ!" ಅನ್ನೋವಷ್ಟರಲ್ಲಿ ಕರೆಂಟ್ ಹೋಗಿ ಮಗ್ಗಗಳೆಲ್ಲಾ ನಿಂತಿದ್ವು.

ಇಡೀ ಬೀದಿ ಕೇಳಿಸ್ಕೊಳ್ತು. ಮಾರನೇ ದಿನ ಎದುರುಮನೆ ಗೌರಮ್ಮ, ರತ್ನಕ್ಕನ ಕಂಕುಳಲ್ಲಿದ್ದ ತನ್ನ ಮಗೂನ, "ಹಾಲು ಕುಡಿಸ್ಬೇಕು" ಅಂತ ಈಸ್ಕೊಂಡ್ಲು. ಮಗು ಬಾಯಲ್ಲಿ ಆಗಲೇ ಹಾಲಿತ್ತು! ರತ್ನಕ್ಕ ಮಾತ್ರೆ ಬಿಟ್ಬಿಟ್ಲು. ಮತ್ತೆ ನಿದ್ದೆ ಇಲ್ಲ, ಅತ್ತು ಅತ್ತು ಕಣ್ಣು ಕೆಂಪು. "ಸೀರೆ ಹಾಳಾಗ್ತಿದೆ, ಹಿಂಗಾದ್ರೆ ಬೇರೆಯವರನ್ನ ನೋಡ್ಕೋತೀನಿ" ಅಂದ ಮಗ್ಗದ ಮಾಲೀಕ.

ಹೆದರ್ಕೊಂಡು ಆಸ್ಪತ್ರೆಯ ಕಂಪೌಂಡರ್ ಸಾಬರ ಹತ್ರ ಓಡಿದೆ. ಅವರು ತಲೆ ಚಚ್ಕೊಂಡ್ರು. "ಮನಸ್ಸಿನ ಮೇಲೆ ಕೆಲಸ ಮಾಡೋ ಔಷಧಿಗೆಲ್ಲ ಅದೇ ಹೆಸರು ಕಣಯ್ಯ. ನಿದ್ದೆ ಬರದೋರಿಗೂ ಕೊಡ್ತಾರೆ, ದುಃಖ ತಡೀಲಾರದೋರಿಗೂ ಕೊಡ್ತಾರೆ. ಹೊಟ್ಟೆ ನೋವೆಲ್ಲಾ ಹೆರಿಗೆ ನೋವೇನು?"

ದಾರಿಯುದ್ದಕ್ಕೂ ಯೋಚನೆ ಮಾಡಿದೆ. ಜ್ವರದ ಮಾತ್ರೆ ನುಂಗಿದೋರ ಹಣೆ ಮುಟ್ಟಿ ವಿಚಾರಿಸ್ತೀವಿ. ಮನಸ್ಸಿನ ಮಾತ್ರೆ ನುಂಗಿದ್ರೆ ಮಗೂನ ಒಳಗೆ ಎತ್ಕೊಂಡು ಹೋಗ್ತೀವಿ. ಬೀದಿ ಮಧ್ಯ ನಿಂತು ಕೂಗಿಬಿಡೋಣ ಅಂತ ಬಂದೆ, ನನ್ನ ದಡ್ಡತನ ಒಪ್ಕೊಳ್ಳೋಕೆ ನಾಚಿಕೆಯಾಯ್ತು. ಮನೆಮನೆಗೆ ಹೋಗಿ ಮೆಲ್ಲಗೆ ಹೇಳಿದೆ, ಗೌರಮ್ಮನಿಗೆ ಎರಡು ಸಲ. ರತ್ನಕ್ಕನ್ನ ಅವಳ ಗಂಡನ ಜೊತೆ ಮತ್ತೆ ಡಾಕ್ಟರ ಹತ್ರ ಕಳಿಸಿದೆ.

ತಿಂಗಳಾದ ಮೇಲೆ ಅವಳ ಕಣ್ಣು ತಿಳಿಯಾಗಿತ್ತು. "ತಪ್ಪಾಯ್ತಕ್ಕ" ಅಂದೆ, ಅವಳಿಗೆ ಮಾತ್ರ ಕೇಳೋ ಹಾಗೆ.

ರತ್ನಕ್ಕ ನಕ್ಕುಬಿಟ್ಲು. "ಗೊತ್ತಿಲ್ದೇ ಇದ್ದಾಗ ಊರಿಗೆಲ್ಲಾ ಕೇಳೋ ಹಾಗೆ ಕೂಗ್ದೆ. ಗೊತ್ತಾದ್ಮೇಲೆ ಪಿಸುಗುಟ್ಕೊಂಡು ಓಡಾಡ್ದೆ. ಓದಿದೋರೆಲ್ಲಾ ಹಿಂಗೇ ಏನಪ್ಪಾ?"